ನಕ್ಷೆಗೆ ನಮ್ಮ ಗದ್ದೆ ಇನ್ನೂ ಗದ್ದೆಯೇ

ಶಿರಸಿ ಕಡೆಯ ಊರಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಈ ಕಣಿವೆಗೆ ಎರಡು, ಗುಡ್ಡ ಹತ್ತಿಳಿದರೆ ಇನ್ನು ಮೂರು. ನಮ್ಮಲ್ಲಿ ಫೈಬರ್ ಇಂಟರ್ನೆಟ್ ಬಂದದ್ದು ಡಾಂಬರು ರಸ್ತೆ ಪಕ್ಕದ ಒಂದೇ ಮನೆಗೆ. ಅಲ್ಲಿಂದ ಉಳಿದ ಏಳು ಮನೆಗಳಿಗೆ ವೈಫೈ ಡಿಶ್ ಹಾಕಿ ಗಾಳಿಯಲ್ಲೇ ಹಾಯಿಸೋಣ ಎಂದು ನಾಲ್ಕು ಜನ ಹೊರಟೆವು. ಈ ಡಿಶ್‌ಗಳು ಬಳಸುವ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗಕ್ಕೆ 2018ರಿಂದ ತರಂಗಾಂತರದ ಲೈಸೆನ್ಸ್ ಬೇಕಿಲ್ಲ. ಆದರೆ ಡಿಶ್‌ಗೆ ಡಿಶ್ ನೇರ ಕಾಣಬೇಕು. ಯಾವ ಮನೆಗೆ ಯಾವ ಗುಡ್ಡ ಕಾಣುತ್ತದೆ? ಡಿಶ್ ಕೊಳ್ಳುವ ಮೊದಲು ಅದು ಗೊತ್ತಾಗಬೇಕಲ್ಲ. ಸಿಕ್ಕ ನಕ್ಷೆ ತಂತ್ರಾಂಶಗಳಿಗೆಲ್ಲ ಒಂದೇ ಪರೀಕ್ಷೆ ಕೊಟ್ಟೆ: ನಮ್ಮನೆ ಮಾಡಿನಿಂದ ರಸ್ತೆ ಮೇಲಿನ ಗುಡ್ಡಕ್ಕೆ, 3 ಕಿಲೋಮೀಟರ್.

ಗೂಗಲ್ ಅರ್ಥ್ ಪ್ರೊ 2015ರಿಂದ ಪುಕ್ಕಟೆ. ಗೆರೆ ಎಳೆದು ಎತ್ತರದ ಪ್ರೊಫೈಲ್ ಕೇಳಿದರೆ ನೆಲದ ಏರಿಳಿತ ಬಂದುಬಿಡುತ್ತದೆ. ಕಂಬ ಎಷ್ಟು ಎತ್ತರ ಎಂದು ಅದು ಕೇಳುವುದಿಲ್ಲ; ಫ್ರೆನೆಲ್ ವಲಯದ, ಅಂದರೆ ಅಲೆ ಹಾಯಲು ಬೇಕಾದ ಖಾಲಿ ಜಾಗದ, ಲೆಕ್ಕವೂ ನಮ್ಮದೇ. ಅಲೆ ದಾರ ಎಳೆದಂತೆ ಹೋಗುವುದಿಲ್ಲ, ಮೊಗೆಕಾಯಿಯ ಹಾಗೆ ನಡುವೆ ಉಬ್ಬಿರುತ್ತದೆ. 3 ಕಿಲೋಮೀಟರಿಗೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಆ ಉಬ್ಬಿನ ತ್ರಿಜ್ಯ 6 ಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಶೇ. 60ರಷ್ಟಾದರೂ ಅಡ್ಡಿಯಿಲ್ಲದೆ ಇರಬೇಕು. ಮೊದಲ ನೋಟಕ್ಕೆ ಇದು ಸಾಕು, ಕಂಬ ನೆಡಲು ಸಾಲದು.

ಡಿಶ್ ತಯಾರಿಸುವ ಉಬಿಕ್ವಿಟಿ ಕಂಪನಿಯ ಏರ್‌ಲಿಂಕ್ (ಈಗ ಹೆಸರು ಡಿಸೈನ್ ಸೆಂಟರ್) ಬ್ರೌಸರಿನಲ್ಲೇ ತೆರೆಯುತ್ತದೆ. ಎರಡು ಚುಕ್ಕಿ, ಕಂಬದ ಎತ್ತರ, ಡಿಶ್ ಯಾವುದು ಎಂದು ಹೇಳಿದರೆ ಆ ಮೊಗೆಕಾಯಿಯನ್ನೇ ಚಿತ್ರ ಬರೆದು ತೋರಿಸುತ್ತದೆ. ಮನೆಮಂದಿಗೆ ವಿಷಯ ಮನವರಿಕೆ ಮಾಡಲು ಇದಕ್ಕಿಂತ ಚೊಲೋದು ಸಿಗಲಿಲ್ಲ. ಪಟ್ಟಿಯಲ್ಲಿ ಇರುವುದು ಅವರದೇ ಸಾಮಾನು ಮಾತ್ರ. ಅಲ್ಲದೆ ಇಂಟರ್ನೆಟ್ ತರಲು ಇಂಟರ್ನೆಟ್ ಬೇಕು! ಮೊಬೈಲಿಗೆ ಎರಡು ಕಡ್ಡಿ ಬರುವ ಬೇಣದ ಮೇಲೆ ಲ್ಯಾಪ್‌ಟಾಪ್ ಹೊತ್ತು ಹೋಗಿ ಕೂತಿದ್ದೆ.

ರೇಡಿಯೊ ಮೊಬೈಲ್ ಬೇರೆಯೇ ಜಾತಿ. ರೋಜರ್ ಕೂಡೆ (Roger Coudé) ಎಂಬ ಕೆನಡಾದ ಹವ್ಯಾಸಿ ರೇಡಿಯೊ ಪರಿಣತ ಬರೆದದ್ದು. ಮುಖ ನೋಡಿದರೆ ಹಳೇ ವಿಂಡೋಸ್ ಕಾಲದ್ದು. ಎಲ್ಲಿ ಏನಿದೆ ಎಂದು ತಿಳಿಯಲು ನನಗೆ ಮೂರು ಸಂಜೆ ಹೋಯಿತು. ಒಮ್ಮೆ ಕೈಗೆ ಹತ್ತಿದರೆ ಏರಿಳಿತದ ನೆಲದ ಮೇಲೆ ಅಲೆ ಎಷ್ಟು ಸೊರಗುತ್ತದೆ ಎಂದು ಅಂದಾಜಿಸುವ ಲಾಂಗ್ಲಿ-ರೈಸ್ ಸೂತ್ರ ಹಿಡಿದು ಗುಡ್ಡದ ತುದಿಯಿಂದ ಇಡೀ ಕಣಿವೆಗೆ ಬಣ್ಣ ಹಚ್ಚಿ ಕೊಡುತ್ತದೆ. ಎತ್ತರದ ಮಾಹಿತಿ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಏಳರಲ್ಲಿ ಎರಡು ಮನೆಗೆ ನೇರ ದಾರಿ ಇಲ್ಲ, ನಡುವೆ ಇನ್ನೊಂದು ಕಂಬ ಬೇಕು ಎಂದು ಒಂದೇ ಏಟಿಗೆ ಹೇಳಿದ್ದು ಇದು. ಅದು ನಿಜವೂ ಆಯಿತು. (ಬರೀ ಎಲ್ಲಿಂದ ಏನು ಕಾಣುತ್ತದೆ ಎಂಬುದಷ್ಟೇ ಬೇಕಿದ್ದರೆ ಹೇವಾಟ್ಸ್‌ದಟ್ ತಾಣ ಸಾಕು.)

ನಮ್ಮನೆಯ ಗೆರೆಯನ್ನು ಮಾತ್ರ ಮೂರೂ ಪಾಸು ಮಾಡಿದ್ದವು. ಪೈಪು ನಿಲ್ಲಿಸಿದೆವು, ಡಿಶ್ ತಿರುಗಿಸಿದೆವು, ಲಿಂಕ್ ಹಿಡಿಯಲೇ ಇಲ್ಲ. ತಪ್ಪು ನನ್ನದೇ. ರೇಡಿಯೊ ಮೊಬೈಲಿಗೆ ನಾನು ಉಣಿಸಿದ್ದು ಎಸ್‌ಆರ್‌ಟಿಎಂ ಎಂಬ ನೆಲದ ಎತ್ತರದ ಮಾಹಿತಿ. ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರುವರಿಯಲ್ಲಿ 11 ದಿನ ಭೂಮಿ ಸುತ್ತಿ ರಾಡಾರಿನಲ್ಲಿ ಅಳೆದದ್ದು. ಆ ರಾಡಾರು ದಟ್ಟ ಕಾಡಿನಲ್ಲಿ ನೆಲ ಮುಟ್ಟುವುದು ಕಷ್ಟ, ಹಸಿರಿನ ನಡುವೆಲ್ಲೋ ನಿಲ್ಲುತ್ತದೆ. ಹಾಗಾಗಿ ಬೆಟ್ಟದ ಮರಗಳು ಅರ್ಧಮರ್ಧ ಲೆಕ್ಕಕ್ಕೆ ಸೇರಿವೆ. ಮನೆ ಎದುರು ಅಪ್ಪಯ್ಯ ಗದ್ದೆ ಏರಿಸಿ ಅಡಿಕೆ ಹಾಕಿದ್ದು ಅದಾದ ಮರುವರ್ಷ. ಇವತ್ತು ಅಲ್ಲಿ 45 ಅಡಿಯ ತೋಟ. ನಕ್ಷೆಯಲ್ಲಿ ಇನ್ನೂ ಗದ್ದೆ.

ಕಡೆಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೈಗೆ ಕಾರ್ಬನ್ ಫೈಬರ್ ದೋಟಿ ಕೊಟ್ಟು, ತುದಿಗೆ ಕೆಂಪು ಪಂಚೆ ಕಟ್ಟಿಸಿ, ಗುಡ್ಡದ ಮೇಲಿಂದ ದುರ್ಬೀನು ಹಿಡಿದೆವು. "ಈಗ ಕಂತಾ?" ಎಂದು ಫೋನಿನಲ್ಲಿ ಕೂಗುತ್ತ ಕೂಗುತ್ತ ಇನ್ನೂ 12 ಅಡಿ ಪೈಪು ಬೇಕು ಎಂದು ತಿಳಿಯಿತು. ತೋಟದ ಎತ್ತರ ಸೇರಿಸಿ ರೇಡಿಯೊ ಮೊಬೈಲಿನಲ್ಲಿ ಮತ್ತೆ ನೋಡಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಹೇಳಿತು.

ಜಾಲ ಎದ್ದ ಮೇಲಿನ ನಕ್ಷೆಗೆ ಜನರೇ ಸೇರಿ ವೈಫೈ ಜಾಲ ಕಟ್ಟುವ ಜರ್ಮನಿಯ ಫ್ರೈಫಂಕ್ ಬಳಗದ ಮೆಶ್‌ವ್ಯೂವರ್ ನೋಡಿದೆ. ಯಾವ ಕೊಂಡಿ ಗಟ್ಟಿ, ಯಾವುದು ಸೊರಗಿದೆ ಎಂದು ಬಣ್ಣದಲ್ಲೇ ತೋರಿಸುವ ಚಂದದ ನಕ್ಷೆ. ಅದಕ್ಕೆ ರೂಟರುಗಳಿಂದ ಮಾಹಿತಿ ಒಟ್ಟುಮಾಡುವ ಒಂದು ಯಂತ್ರ ಸದಾ ಓಡುತ್ತಿರಬೇಕು. ಜಾಲದಲ್ಲಿ ನೂರಾರು ರೂಟರು ಇರುವವರಿಗೆ ಸರಿ. ನಮ್ಮ ಎಂಟು ಮನೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಂತ ಯುಮ್ಯಾಪ್ ಸಾಕಾಯಿತು. ಅದು ತಾನಾಗಿ ಏನೂ ಹೇಳುವುದಿಲ್ಲ, ಎಲ್ಲ ನಾವೇ ಬರೆಯಬೇಕು. ಆದರೆ ಕನ್ನಡದಲ್ಲೇ ಬರೆಯಬಹುದು: ಪೈಪು ಎಷ್ಟು ಅಡಿ, ಅಡಾಪ್ಟರ್ ಯಾವ ಜಗಲಿಯಲ್ಲಿ, ಸಿಡಿಲಿಗೆ ಪ್ಲಗ್ ತೆಗೆಯಲು ಯಾರಿಗೆ ಹೇಳಬೇಕು.

ಈ ಮಳೆಗಾಲ ಅದಕ್ಕೆ ಇನ್ನೊಂದು ಗುರುತು ಸೇರಿಸಿದ್ದೇನೆ. ಎರಡನೇ ಲಿಂಕಿನ ದಾರಿಯಲ್ಲಿ ಕೆಳಮನೆ ಭಾವ ಗದ್ದೆಗೆ ಅಡಿಕೆ ಸಸಿ ನೆಟ್ಟಿದ್ದಾನೆ. ಈಗ ಮೊಣಕಾಲೆತ್ತರ.