ಲಾಂಚ್ ದಾಟಿದ ಪ್ರಬಂಧ: ಇಂಟರ್ನೆಟ್ ಆರ್ಕೈವ್ ಬಳಸಿದ ಮೇಲೆ

ಸಾಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದೆ. ಮಕ್ಕಳು ಬರೆದ ಪ್ರಬಂಧಗಳಲ್ಲಿ ಮನಸ್ಸಿಗೆ ಹಿಡಿಸಿದವನ್ನು ರದ್ದಿಗೆ ಹಾಕದೆ ಮರದ ಪೆಟ್ಟಿಗೆಯಲ್ಲಿ ಇಡುತ್ತಾ ಬಂದೆ. ಕಳೆದ ಮಳೆಗಾಲದಲ್ಲಿ ಪೆಟ್ಟಿಗೆಯ ತಳಕ್ಕೆ ಗೆದ್ದಲು ಹಿಡಿಯಿತು. ಉಳಿದ 64 ಪ್ರಬಂಧಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಲು ನಿರ್ಧರಿಸಿದೆ.

1996ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಡಿಜಿಟಲ್ ಗ್ರಂಥಾಲಯ ಹಳೆಯ ಕನ್ನಡ ಪುಸ್ತಕ ಹುಡುಕುವವರಿಗೆ ಚೆನ್ನಾಗಿ ಗೊತ್ತು. ಅಲ್ಲಿಂದ ಪಡೆಯುವಂತೆ ಅಲ್ಲಿಗೆ ಕೊಡಲೂಬಹುದು. ಇಮೇಲ್ ಇದ್ದರೆ ಖಾತೆ ಸಿಗುತ್ತದೆ, ಹಣ ಕಟ್ಟಬೇಕಿಲ್ಲ. ಶೀರ್ಷಿಕೆ, ವಿವರಣೆಗಳನ್ನು ಕನ್ನಡದಲ್ಲೇ ಬರೆಯಬಹುದು. ಪಿಡಿಎಫ್ ಏರಿಸಿದ ಸ್ವಲ್ಪ ಹೊತ್ತಿಗೆ ಅದು ಪುಟ ತಿರುವಿ ಓದುವ ಪುಸ್ತಕವಾಗಿ ಕಾಣಿಸುತ್ತದೆ.

ನನಗೆ ಬೇಕಾಗಿದ್ದದ್ದು ಅದೇ: ಮಗುವಿನ ಕೈಬರಹ, ಗೆರೆ ಹಾಳೆ, ಅಂಚಿನ ಶಾಯಿಕಲೆ ಎಲ್ಲವೂ ಇದ್ದಂತೆಯೇ ಉಳಿಯಬೇಕು. 2004ರ ಸುಮಾರಿನ ಕೆಲವು ಪ್ರಬಂಧಗಳು ಶಾಲೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸದಿದ್ದರೆ ಆ ಫಾಂಟ್ ಇಲ್ಲದ ಕಡೆ ತೆರೆಯ ಮೇಲೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

ಸ್ಕ್ಯಾನಿಂಗನ್ನು ಯಾರ ಕೈಗೂ ಕೊಡಬೇಡಿ. ಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಯಂತ್ರದ ಬಾಯಿಗೆ ಸಿಕ್ಕಿ ಎರಡು ಹಾಳೆ ಹರಿದುಹೋದವು. ಆ ನೋವು ಇನ್ನೂ ಹೋಗಿಲ್ಲ. ಉಳಿದವನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ನಾನೇ ತೆಗೆದೆ.

ಪ್ರಬಂಧದ ಹಕ್ಕು ಬರೆದವರದು, ಅಂಕ ಕೊಟ್ಟ ಮೇಷ್ಟರದಲ್ಲ. ಆದ್ದರಿಂದ ಊರೂರಿಗೆ ಫೋನ್ ಮಾಡಿ ಒಬ್ಬೊಬ್ಬರನ್ನೇ ಕೇಳಿದೆ. ಸಿಗದವರ, ಬೇಡವೆಂದವರ ಬರಹಗಳನ್ನು ಏರಿಸಲಿಲ್ಲ. ಒಪ್ಪಿದವರ ಹೆಸರನ್ನೂ ಕಾಣಿಸಲಿಲ್ಲ. ಬರಹವನ್ನು ಇತರರು ಹಂಚಿಕೊಳ್ಳಲು ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಒಮ್ಮೆ ಕೊಟ್ಟರೆ ಹಿಂಪಡೆಯಲು ಬರುವುದಿಲ್ಲ, ಇದನ್ನು ಅವರಿಗೆ ಮೊದಲೇ ತಿಳಿಸಬೇಕು. ಎಲ್ಲವನ್ನೂ ಒಂದೇ ಕಡತ ಮಾಡದೆ ಬೇರೆ ಬೇರೆಯಾಗಿ ಏರಿಸುವುದು ಮೇಲು. ನಾಳೆ ಯಾರಾದರೂ ಮನಸ್ಸು ಬದಲಿಸಿದರೆ ಅವರದೊಂದನ್ನೇ ತೆಗೆಸಬಹುದು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1998ರ ಒಂದು ಪ್ರಬಂಧ. ಒಂಬತ್ತನೇ ತರಗತಿಯ ಹುಡುಗಿ, ಶರಾವತಿ ಹಿನ್ನೀರಿನ ಆಚೆಯ ಊರಿನವಳು. ರಾತ್ರಿ ಅಜ್ಜಿಗೆ ಉಬ್ಬಸ ಹೆಚ್ಚಿ ಸಾಗರದ ಆಸ್ಪತ್ರೆಗೆ ಹೊರಟಿದ್ದಾರೆ. ಹಿನ್ನೀರು ದಾಟಿಸುವ ದೊಡ್ಡ ದೋಣಿ, ಲಾಂಚ್, ಆಚೆ ದಡದಲ್ಲಿದೆ. ಅಪ್ಪ ಕತ್ತಲಿನಲ್ಲಿ ಟಾರ್ಚ್ ಬೀಸುತ್ತಲೇ ಇದ್ದಾರೆ. ಕಂಬಳಿ ಹೊದ್ದ ಅಜ್ಜಿಯ ಪಾದ ತಣ್ಣಗಿತ್ತೆಂದು ಬರೆದಿದ್ದಾಳೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಲಾಂಚಿಗಾಗಿ ಕಾದ ಆ ರಾತ್ರಿಗೆ ಈ ಎರಡು ಹಾಳೆಗಳೇ ದಾಖಲೆ.

ಅದೇ ಹಾಳೆಯಲ್ಲಿ ನನ್ನ ಕೆಂಪು ಶಾಯಿಯೂ ಇದೆ. ‘ಹಿನ್ನಿರು’ ಎಂದು ಬರೆದಿದ್ದನ್ನು ನಾಲ್ಕು ಕಡೆ ಸುತ್ತಿ, ‘ನೀ’ ದೀರ್ಘವಿರಲಿ ಎಂದು ತಿದ್ದಿ, ಹತ್ತಕ್ಕೆ ಆರೂವರೆ ಕೊಟ್ಟಿದ್ದೇನೆ. ಅಜ್ಜಿ ಏನಾದರೆಂದು ಕೇಳಿಲ್ಲ.

ಅನುಮತಿಗೆ ಫೋನ್ ಮಾಡಿದಾಗ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಜ್ಜಿ ಇನ್ನೂ ಆರು ವರ್ಷ ಇದ್ದರು ಸರ್. ನೀವು ಆ ಪ್ರಬಂಧವನ್ನು ತರಗತಿಯಲ್ಲಿ ಓದಿ ಹೇಳಿದಿರೆಂದು ಮನೆಗೆ ಬಂದು ಅವರಿಗೂ ಓದಿ ತೋರಿಸಿದ್ದೆ. ಕೆಂಪು ಗುರುತುಗಳನ್ನು ಅಳಿಸಬೇಡಿ, ಹಾಗೆಯೇ ಹಾಕಿ” ಎಂದಳು.

ಹಾಗೆಯೇ ಹಾಕಿದ್ದೇನೆ.