ಬಾಣಂತಿ ತಂಗಿಗೆ ಮಾಡಿಸಿದ ಎಂಆರ್ ವೇನೋಗ್ರಾಂ: ಕರ್ವೆ ರಸ್ತೆಯ ಸ್ಕ್ಯಾನ್ ಸೆಂಟರ್

ಪುಣೆಯ ಕೋಥ್ರೂಡ್, ಎರಂಡವಣೆ ಕಡೆಯ ನಮ್ಮ ಕನ್ನಡದವರು ಮಿದುಳಿನ ಸ್ಕ್ಯಾನ್ ಎಲ್ಲಿ ಮಾಡಿಸೋಣ ಎಂದು ಕೇಳಿದರೆ ನಾನು ಈ ಸೆಂಟರಿಗೇ ಕಳಿಸುತ್ತೇನೆ. ಅನುಮಾನ ಬಂದರೆ ಅದರ ಬೆನ್ನು ಹತ್ತುವ ರೇಡಿಯಾಲಜಿಸ್ಟ್ ಇಲ್ಲಿದ್ದಾರೆ.

ತಂಗಿಗೆ ಹೆರಿಗೆಯಾದ ಮೇಲೆ ಹಿಡಿದ ತಲೆನೋವು ಬಿಡಲೇ ಇಲ್ಲ, ಮಲಗಿದರೆ ಇನ್ನೂ ಜೋರು. ಗಾಳಿ ಹೊಡೆದಿದೆ, ತಲೆಗೆ ಬಟ್ಟೆ ಬಿಗಿದು ಕಟ್ಟು ಎಂದವರೇ ಹೆಚ್ಚು. ಬೇರೊಂದು ಕಡೆ ಸಿಟಿ ಸ್ಕ್ಯಾನ್ ತೆಗೆಸಿದ್ದೆವು, ನಾರ್ಮಲ್ ಎಂದು ಬಂದಿತ್ತು. ನ್ಯೂರಾಲಜಿಸ್ಟ್ ಅಷ್ಟಕ್ಕೆ ಒಪ್ಪಲಿಲ್ಲ. ಬಾಣಂತಿಯರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿನ ಅಭಿಧಮನಿಯಲ್ಲಿ ಕೂತರೆ ಸಾದಾ ಸಿಟಿಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ ಎಂದು, ಅಭಿಧಮನಿಗಳನ್ನೇ ತೋರಿಸುವ ಎಂಆರ್‌ಐ, ಅಂದರೆ ಎಂಆರ್ ವೇನೋಗ್ರಾಂ ಬರೆದುಕೊಟ್ಟರು. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಮನೆ ಪದ್ಧತಿಗೂ ಖಾರವಾಗಿ ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಸೆಂಟರಿನ ಟೆಕ್ನೀಷಿಯನ್ ನಿಪ್ಪಾಣಿ ಕಡೆಯವರು. ಒಳಗೆ ಹೆದರಿ ನಡುಗುತ್ತಿದ್ದ ತಂಗಿಗೆ ಮೈಕಿನಲ್ಲಿ, 'ಅಕ್ಕಾ, ಇನ್ನೊಂದು ಸಪ್ಪಳ ಬರ್ತದ ನೋಡ್ರಿ, ಉಗುಳು ನುಂಗಬ್ಯಾಡ್ರಿ' ಎಂದು ಪ್ರತಿ ಸುತ್ತಿಗೂ ಮೊದಲೇ ಹೇಳುತ್ತಿದ್ದರು. ಅಷ್ಟು ಹೊತ್ತು ಅವಳು ಅಲುಗಾಡದೆ ಮಲಗಿದ್ದು ಆ ದನಿಯ ಧೈರ್ಯದಿಂದ.

ಮೊದಲ ಸುತ್ತು ಟೈಮ್ ಆಫ್ ಫ್ಲೈಟ್ ಎಂಬ ವಿಧಾನ. ಇದಕ್ಕೆ ಔಷಧಿ ಚುಚ್ಚುವುದಿಲ್ಲ. ನಿಂತಲ್ಲೇ ನಿಂತ ಅಂಗಾಂಶದ ಸಿಗ್ನಲ್ಲನ್ನು ಮೆಷಿನ್ ಅದುಮಿಬಿಡುತ್ತದೆ, ಹೊಸದಾಗಿ ಹರಿದು ಬಂದ ರಕ್ತ ಬೆಳ್ಳಗೆ ಹೊಳೆಯುತ್ತದೆ. ರೇಡಿಯಾಲಜಿಸ್ಟ್ ನನ್ನನ್ನೂ ಕೂರಿಸಿಕೊಂಡು ಮೌಸಿನಿಂದ ಚಿತ್ರ ತಿರುಗಿಸುತ್ತ ತೋರಿಸಿದರು. ಬೈತಲೆ ತೆಗೆದ ಹಾಗೆ ನೆತ್ತಿಯ ನಡುವೆ ಹಿಂದಕ್ಕೆ ಇಳಿಯುವ ಸುಪೀರಿಯರ್ ಸ್ಯಾಜಿಟಲ್ ಸೈನಸ್ (ಮೂಗಿನ ಸೈನಸ್ ಅಲ್ಲ, ಮಿದುಳಿನ ರಕ್ತ ಹೊರಗೊಯ್ಯುವ ದೊಡ್ಡ ನಾಳ), ಅದು ತಲೆಯ ಹಿಂಭಾಗದಲ್ಲಿ ಎಡಕ್ಕೂ ಬಲಕ್ಕೂ ಒಡೆದು ಟ್ರಾನ್ಸ್‌ವರ್ಸ್ ಸೈನಸ್ ಆಗುವುದು, ಅಲ್ಲಿಂದ ಕತ್ತಿನ ಜುಗುಲರ್ ಅಭಿಧಮನಿಗೆ ಇಳಿಯುವುದು. ಬಲಗಡೆ ದಪ್ಪ ಬಿಳಿ ಗೆರೆ. ಎಡಗಡೆ ನಡುವೆ ಖಾಲಿ. ನನ್ನ ಕೈಕಾಲು ತಣ್ಣಗಾಯಿತು.

'ಇದನ್ನೇ ನೋಡಿ ಹೆಪ್ಪು ಎಂದು ಬರೆಯಬಾರದು' ಎಂದರು ಅವರು. ತುಂಬಾ ಜನರಿಗೆ ಎಡಗಡೆಯದು ಹುಟ್ಟಿನಿಂದಲೇ ಸಣ್ಣದು. ರಕ್ತ ನಿಧಾನವಾಗಿ ಹರಿದರೂ, ಚಿತ್ರ ತೆಗೆಯುವ ಪದರದ (ಸ್ಲೈಸಿನ) ಒಳಗೇ ಉದ್ದಕ್ಕೆ ಹರಿದರೂ ಈ ವಿಧಾನದಲ್ಲಿ ಸಿಗ್ನಲ್ ಮಾಯವಾಗುತ್ತದೆ. ಎಸ್‌ಡಬ್ಲ್ಯೂಐ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರಗಳ ಸರಣಿ ತೆಗೆದು ನೋಡಿದರು. ಆಮ್ಲಜನಕ ಕಳೆದುಕೊಂಡ ರಕ್ತ ಕಾಂತಕ್ಷೇತ್ರವನ್ನು ಕೆಡಿಸುವುದರಿಂದ ಸಣ್ಣಸಣ್ಣ ಅಭಿಧಮನಿಗಳೂ ಅದರಲ್ಲಿ ಕಪ್ಪು ಎಳೆಗಳಾಗಿ ಕಾಣುತ್ತವೆ. ಹೆಪ್ಪುಗಟ್ಟಿ ಉಬ್ಬಿದ ಕರಿ ಗಂಟು ಎಲ್ಲೂ ಇರಲಿಲ್ಲ. ಆಮೇಲೆ ನಮ್ಮ ಒಪ್ಪಿಗೆ ಪಡೆದು, ಮೂತ್ರಪಿಂಡ ಸರಿಯಿದೆಯೇ ಎಂದು ಕ್ರಿಯಾಟಿನಿನ್ ರಿಪೋರ್ಟ್ ನೋಡಿ, ರಕ್ತನಾಳ ಹೊಳೆಯುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿ ಗ್ಯಾಡೊಲಿನಿಯಂ ಕೊಟ್ಟು ಇನ್ನೊಮ್ಮೆ ತೆಗೆದರು. ಖಾಲಿ ಇದ್ದ ಜಾಗದಲ್ಲಿ ತೆಳ್ಳಗಿನ, ತುಂಡಾಗದ ಗೆರೆ ತುಂಬಿ ಬಂತು. ಆ ಬದಿ ಜುಗುಲರ್ ಹೊರಬೀಳುವ ಎಲುಬಿನ ತೂತೂ ಸಣ್ಣದೇ. ಹುಟ್ಟಿನಿಂದ ಬಂದದ್ದು, ಹೆಪ್ಪಲ್ಲ.

ಅದೊಂದು ಗ್ಯಾಪನ್ನು ಹೆಪ್ಪು ಎಂದು ಓದಿದ್ದರೆ ಬಾಣಂತಿ ತಿಂಗಳುಗಟ್ಟಲೆ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕಿತ್ತು. ಈಗ ಮೈಗ್ರೇನಿಗೆ ಔಷಧಿ ನಡೆದಿದೆ, ನೋವು ಇಳಿದಿದೆ.

ಕೂಸಿಗೆ ಹಾಲು ಕೊಡಬಹುದೇ ಎಂದು ಅಮ್ಮ ಒದ್ದಾಡುತ್ತಿದ್ದರು. ಸ್ಕ್ಯಾನಿಗೆ ಕೊಟ್ಟ ಗ್ಯಾಡೊಲಿನಿಯಂನಲ್ಲಿ ಹಾಲಿಗೆ ಸೇರುವುದು ಶೇ. 0.04ಕ್ಕಿಂತ ಕಡಿಮೆ, ಕೂಸಿನ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ಅದರಲ್ಲೂ ಚೂರೇ ಚೂರು, ನಿಲ್ಲಿಸಬೇಕಿಲ್ಲ ಎಂದು ಡಾಕ್ಟರೇ ಕೂತು ಬಿಡಿಸಿ ಹೇಳಿದರು.

ಕೊರತೆ ಕೌಂಟರಿನಲ್ಲಿ. ಕಾಂಟ್ರಾಸ್ಟಿನ ಖರ್ಚು ಬೇರೆ ಎಂದು ಮೊದಲೇ ಹೇಳಲಿಲ್ಲ, ಸಿಡಿ ಕೇಳಿ ಕೇಳಿ ಪಡೆಯಬೇಕಾಯಿತು. ನೀವು ಹೋಗುವುದಾದರೆ ಡಾಕ್ಟರ ಚೀಟಿಯಲ್ಲಿ 'ವೇನೋಗ್ರಾಂ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೀ ಬ್ರೇನ್ ಎಂಆರ್‌ಐ ಎಂದಿದ್ದರೆ ಅಷ್ಟಕ್ಕೇ ಸಮಯ ಕಾಯ್ದಿರಿಸುತ್ತಾರೆ. ಹಳೆಯ ಸ್ಕ್ಯಾನ್ ಇದ್ದರೆ ಫಿಲ್ಮಿನ ಜೊತೆ ಸಿಡಿಯನ್ನೂ ಒಯ್ಯಿರಿ, ಇಲ್ಲಿನ ಡಾಕ್ಟರು ಅದನ್ನು ಹಾಕಿ ನೋಡುತ್ತಾರೆ.