ಸಂಭವನೀಯತೆಯ ಪಾಠಕ್ಕೆ ಪ್ಲಾಸ್ಟಿಕ್ ಇಸ್ಪೀಟ್ ಕಟ್ಟು

ಬೆಳಗಾವಿಯ ಖಡೇಬಜಾರಿನ ಅಂಗಡಿಯೊಂದರಲ್ಲಿ ಕೊಂಡ ಪ್ಲಾಸ್ಟಿಕ್ ಇಸ್ಪೀಟ್ ಕಟ್ಟನ್ನು ಪಿಯುಸಿ ಗಣಿತದ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಆಡುವವರಿಗೆ ಇದು ಹೇಗೋ ನಾನರಿಯೆ. ಕಲಿಸುವವರಿಗೆ ಒಳ್ಳೆಯ ಸಾಧನ.

ಎಳೆದ ಎಲೆಯನ್ನು ಮರಳಿಸದೆ ಇನ್ನೊಂದನ್ನು ಎಳೆಯುವ ಲೆಕ್ಕಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಎರಡೂ ಎಲೆ ಎಕ್ಕಾ ಆಗುವ ಸಂಭವನೀಯತೆ ಕೇಳಿದರೆ, ಮೊದಲ ಎಕ್ಕಾಕ್ಕೆ 4/52 ಎಂದು ಸರಿಯಾಗಿ ಬರೆದವರು ಎರಡನೆಯದಕ್ಕೂ ಅದನ್ನೇ ಬರೆದು 1/169 ಎಂದುಬಿಡುತ್ತಾರೆ. ಎಳೆದ ಎಕ್ಕಾ ಮೇಜಿನ ಮೇಲೆ ಕಾಣುವಂತಿದ್ದರೆ, ಉಳಿದ 51 ಎಲೆಗಳಲ್ಲಿ ಎಕ್ಕಾಗಳು ಮೂರೇ ಎಂದು ತಾವೇ ಎಣಿಸಿ, 3/51ರಿಂದ ಗುಣಿಸಿ, 1/221ಕ್ಕೆ ಬರುತ್ತಾರೆ. ಮೊದಲ ಎಲೆಯನ್ನು ಯಾರೂ ನೋಡದಂತೆ ಬೋರಲು ಇಟ್ಟು, ಎರಡನೆಯದು ಎಕ್ಕಾ ಆಗುವ ಸಂಭವನೀಯತೆ ಎಷ್ಟೆಂದು ಕೇಳಿದಾಗ ಮಾತ್ರ ತರಗತಿಯಲ್ಲಿ ನಿಜವಾದ ವಾದ ಹುಟ್ಟುತ್ತದೆ. ಬೋರಲಾದದ್ದು ಎಕ್ಕಾ ಆಗಿದ್ದರೆ 4/52 × 3/51, ಆಗಿರದಿದ್ದರೆ 48/52 × 4/51; ಎರಡನ್ನೂ ಕೂಡಿಸಿದರೆ 204/2652, ಅಂದರೆ ಮತ್ತೆ ಮೊದಲ ಎಲೆಯ ಅದೇ 4/52, ಅರ್ಥಾತ್ 1/13. ಛೇದ 51 ಆಗಲೇಬೇಕೆಂದು ಹಟ ಹಿಡಿದವರಿಗೆ ಇದನ್ನು ಒಪ್ಪಿಸಲು ಅರ್ಧ ಪೀರಿಯಡ್ ಬೇಕಾಗುತ್ತದೆ.

ಈ ಲೆಕ್ಕಗಳೆಲ್ಲ ಪ್ರತಿ ಎಲೆಗೂ ಸಮಾನ ಅವಕಾಶವಿದೆ ಎಂಬ ಷರತ್ತಿನ ಮೇಲೆ ನಿಂತಿರುವುದರಿಂದ ಕಟ್ಟಿನ ಗುಣಮಟ್ಟ ಮುಖ್ಯವಾಗುತ್ತದೆ. ಅಗ್ಗದ ಕಾಗದದ ಎಲೆಗಳು ಬೆಳಗಾವಿಯ ಮಳೆಗಾಲದ ತೇವಕ್ಕೆ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂಲೆ ಮಡಿಸಿದ ರಾಣಿಯನ್ನು ಹಿಂಬದಿಯಿಂದಲೇ ಗುರುತಿಸುವ ಹುಡುಗನ ಮಟ್ಟಿಗೆ ಅದು ಯಾದೃಚ್ಛಿಕ ಆಯ್ಕೆಯಾಗಿ ಉಳಿಯುವುದಿಲ್ಲ. ಈ ಕಟ್ಟಿನ ಎಲೆಗಳು ಮಡಚುವುದಿಲ್ಲ, ಹಿಂಬದಿಯೆಲ್ಲ ಒಂದೇ ತೆರನಾಗಿದೆ, ಸಲೀಸಾಗಿ ಜಾರುವುದರಿಂದ ಕಲೆಸುವುದೂ ಸುಲಭ. ಕಟ್ಟನ್ನು ಎರಡು ಪಾಲು ಮಾಡಿ ಹೆಣೆಯುವಂತೆ ಕಲೆಸಿದರೆ ಸುಮಾರು ಏಳು ಸಲ ಸಾಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ 1992ರಲ್ಲಿ ತೋರಿಸಿದ್ದರು. ಕಾಗದದ ಎಲೆಗಳಲ್ಲಿ ಅಷ್ಟು ಕಲೆಸುವ ತಾಳ್ಮೆ ಯಾರಿಗೂ ಇರಲಿಲ್ಲ.

ಕೊರತೆಗಳೂ ಇವೆ. ಮೂಲೆಯ ಅಂಕಿಗಳು ಚಿಕ್ಕವಾಗಿದ್ದು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಹೊಸತರಲ್ಲಿ ಎಲೆಗಳು ಎಷ್ಟು ಜಾರುತ್ತವೆಂದರೆ ಮೇಜಿನ ಮೇಲೆ ಗುಡ್ಡೆ ನಿಲ್ಲುವುದೇ ಇಲ್ಲ. ಬೆಲೆಯೂ ಕಾಗದದ ಕಟ್ಟಿಗಿಂತ ಸಾಕಷ್ಟು ಹೆಚ್ಚು, ಆದರೂ ಬಹುಕಾಲ ಬಾಳುವ ಲಕ್ಷಣವಿರುವುದರಿಂದ ಶಿಕ್ಷಕರು ಧಾರಾಳವಾಗಿ ಕೊಳ್ಳಬಹುದು. ಪೆಟ್ಟಿಗೆಯಲ್ಲಿರುವ ಎರಡು ಜೋಕರ್‌ಗಳನ್ನು ಪಾಠಕ್ಕೆ ಮೊದಲೇ ತೆಗೆದಿಡಬೇಕು, ಇಲ್ಲವಾದರೆ 1/221ರ ಜಾಗದಲ್ಲಿ 2/477 ಬರುತ್ತದೆ.